ನಕ್ಕರೆ ತೌಹೀದ್ ಬಲಗೊಳ್ಳುವುದೇ?

ಕಳೆದ ವರ್ಷ ಜಾತ್ರೆಗಳ ಕಾಲದಲ್ಲಿ ನಮ್ಮ ಕುಟುಂಬದ ವಾಟ್ಸಪ್ ಗುಂಪಿಗೆ ಒಂದು ವೀಡಿಯೊ ಬಂದಿತು. ಯಾವುದೋ ದೇವಸ್ಥಾನದ ಉತ್ಸವದ ತುಣುಕುಗಳನ್ನು ಜೋಡಿಸಿ ಮಾಡಿದ ವೀಡಿಯೊ. ವಿಗ್ರಹಕ್ಕೆ ಹಾಲಿನ ಅಭಿಷೇಕ ನಡೆಯುತ್ತಿದೆ, ವಸ್ತ್ರ ಉಡಿಸಲಾಗುತ್ತಿದೆ, ನೈವೇದ್ಯವಿಟ್ಟು ಬಾಗಿಲು ಮುಚ್ಚಲಾಗುತ್ತಿದೆ. ಹಿನ್ನೆಲೆಯಲ್ಲಿ ಹಾಸ್ಯದ ಸಂಗೀತ. ಕೊನೆಯಲ್ಲಿ ಒಂದು ಧ್ವನಿ ಇವರೆಲ್ಲ ಬುದ್ಧಿಗೇಡಿಗಳೆಂದು ತೀರ್ಪು ನೀಡುತ್ತದೆ. ಕಳುಹಿಸಿದವನು ನನ್ನ ಅಣ್ಣನ ಮಗ, ಓದಿದ ಹುಡುಗ, ಐದು ಹೊತ್ತಿನ ನಮಾಝ್ ಬಿಡದವನು. ಗುಂಪಿನಲ್ಲಿ ನಗುವ ಮುಖಗಳು ಸಾಲುಗಟ್ಟಿದವು. ಒಬ್ಬರು ‘ಮಾಶಾ ಅಲ್ಲಾಹ್, ಒಳ್ಳೆಯ ದಅವಾ’ ಎಂದು ಬರೆದರು.

ಎಂಬತ್ತು ದಾಟಿದ ನನ್ನ ತಂದೆಯವರು ಮೊಮ್ಮಗನ ಮೊಬೈಲ್ ತೆಗೆದುಕೊಂಡು ಅದನ್ನು ಪೂರ್ತಿ ನೋಡಿದರು. ಹಿಂದಿರುಗಿಸುವಾಗ ಅವರು ಹೇಳಿದ್ದು ಇಷ್ಟೇ: “ಈ ಜನ ನನ್ನ ಕೈಯಿಂದ ಬಳೆ ತೊಟ್ಟವರು. ಇವರನ್ನು ನೋಡಿ ನಗಲು ನಿನಗೆ ಯಾವ ಮದ್ರಸಾದಲ್ಲಿ ಕಲಿಸಿದರು?”

ತಂದೆಯವರು ಕರಾವಳಿಯ ಜಾತ್ರೆಗಳಲ್ಲಿ ನಲವತ್ತು ವರ್ಷ ಬಳೆ ಮಾರಿದವರು. ಕೊಡಿ ಏರುವ ದಿನದಿಂದ ರಥೋತ್ಸವ ಮುಗಿಯುವವರೆಗೆ ಅವರ ಅಂಗಡಿ ದೇವಸ್ಥಾನದ ಗದ್ದೆಯ ಬದಿಯಲ್ಲಿರುತ್ತಿತ್ತು. ದೇವರ ಬಲಿ ಹೊರಟು ಚೆಂಡೆಯ ಸದ್ದು ಹತ್ತಿರವಾದಾಗ ಅವರು ಕೂಗಿ ಕರೆಯುವುದನ್ನು ನಿಲ್ಲಿಸುತ್ತಿದ್ದರು. ಕೈ ಮುಗಿಯುತ್ತಿರಲಿಲ್ಲ, ನಗುತ್ತಲೂ ಇರಲಿಲ್ಲ. ಮೆರವಣಿಗೆ ದಾಟುವವರೆಗೆ ಸುಮ್ಮನೆ ನಿಲ್ಲುತ್ತಿದ್ದರು. ಮಗ್‌ರಿಬ್ ಹೊತ್ತಾದಾಗ ಅಂಗಡಿಯ ಹಿಂದೆ ಚಾಪೆ ಹಾಸಿ ನಮಾಝ್ ಮಾಡುತ್ತಿದ್ದರು. ಆ ಹೊತ್ತಿನಲ್ಲಿ ಅವರ ಹಣದ ಪೆಟ್ಟಿಗೆಯನ್ನು ಕಾಯುತ್ತಿದ್ದವರು ಪಕ್ಕದ ಹೂವಿನಂಗಡಿಯ ಅಮ್ಮ. ಎರಡು ಧರ್ಮಗಳ ನಡುವಿನ ಗಡಿ ಎಲ್ಲಿದೆಯೆಂದು ಇಬ್ಬರಿಗೂ ಸ್ಪಷ್ಟವಾಗಿ ಗೊತ್ತಿತ್ತು. ಆ ಗಡಿಯ ಮೇಲೆ ಮುಳ್ಳು ಹಾಕಬೇಕೆಂದು ಇಬ್ಬರಿಗೂ ಅನಿಸಿರಲಿಲ್ಲ.

ಈ ಲೇಖನದ ಉದ್ದೇಶ ಒಂದೇ. ಹಿಂದೂ ಸಹೋದರರ ಪೂಜೆ, ಉತ್ಸವ, ವ್ರತಾಚರಣೆಗಳನ್ನು ಗೇಲಿ ಮಾಡುವುದು ದಅವಾ ಅಲ್ಲ, ತೌಹೀದಿನ ರಕ್ಷಣೆಯೂ ಅಲ್ಲ. ಅದು ಅಲ್ಲಾಹನ ಸ್ಪಷ್ಟ ಆಜ್ಞೆಯ ಉಲ್ಲಂಘನೆ. ಈ ಮಾತನ್ನು ನಾನು ಹೊರಗಿನವರನ್ನು ಮೆಚ್ಚಿಸಲು ಹೇಳುತ್ತಿಲ್ಲ. ನಮ್ಮ ಮನೆಯ ಮಕ್ಕಳ ಈಮಾನಿನ ಚಿಂತೆಯಿಂದ ಹೇಳುತ್ತಿದ್ದೇನೆ.

ಮೊದಲಿಗೆ ಕುರ್‌ಆನ್ ಏನು ಹೇಳುತ್ತದೆಂದು ನೋಡೋಣ. ಸೂರಃ ಅಲ್ ಅನ್‌ಆಮ್‌ನ 108ನೆಯ ಸೂಕ್ತವು, ಅಲ್ಲಾಹನ ಹೊರತು ಇತರರು ಪ್ರಾರ್ಥಿಸುವ ಆರಾಧ್ಯರನ್ನು ನಿಂದಿಸಬಾರದೆಂದು ಸತ್ಯವಿಶ್ವಾಸಿಗಳಿಗೆ ಆಜ್ಞಾಪಿಸುತ್ತದೆ. ಹಾಗೆ ನಿಂದಿಸಿದರೆ ಅವರು ತಿಳಿಯದೆ ಅಲ್ಲಾಹನನ್ನೇ ನಿಂದಿಸಿಯಾರು ಎಂದು ಕಾರಣವನ್ನೂ ಹೇಳುತ್ತದೆ. ಗಮನಿಸಿ, ಇದು ಮಕ್ಕಾ ಕಾಲದ ಸೂರಃ. ಮುಸ್ಲಿಮರನ್ನು ಬಿಸಿ ಮರಳಿನ ಮೇಲೆ ಮಲಗಿಸಿ ಎದೆಯ ಮೇಲೆ ಬಂಡೆ ಹೇರಿ ಹಿಂಸಿಸಿದ ನಗರವದು. ಅಂತಹ ಸ್ಥಳದಲ್ಲಿ, ಅಂತಹ ಜನರ ವಿಗ್ರಹಗಳ ಬಗ್ಗೆ ಈ ನಿಷೇಧ ಬಂದಿತು. ಹಾಗಿರುವಾಗ ನಮಗೆ ಅನ್ನ ಕೊಟ್ಟ ಊರಿನ ನೆರೆಯವರ ದೇವರನ್ನು ಅಪಹಾಸ್ಯ ಮಾಡಲು ನಮಗೆ ಅನುಮತಿ ಎಲ್ಲಿಂದ ಬಂದಿತು? ಅಪಹಾಸ್ಯ ಮಾಡಿ ಅವರಿಂದ ಪ್ರತಿಯಾಗಿ ಅಲ್ಲಾಹನಿಗೂ ಪ್ರವಾದಿ(ಸ)ಯವರಿಗೂ ಬೈಗುಳ ತರಿಸಿದವನು ಆ ಪಾಪದಲ್ಲಿ ತನ್ನ ಪಾಲೇನೆಂದು ಯೋಚಿಸಲಿ.

ಇಲ್ಲಿ ನಮ್ಮ ಯುವಕರು ತಕ್ಷಣ ಒಂದು ಪ್ರಶ್ನೆ ಎತ್ತುತ್ತಾರೆ. ಪ್ರವಾದಿ ಇಬ್ರಾಹೀಮ್(ಅ) ವಿಗ್ರಹಗಳನ್ನು ಒಡೆಯಲಿಲ್ಲವೇ? ದೊಡ್ಡ ವಿಗ್ರಹವನ್ನೇ ಕೇಳಿ ನೋಡಿ ಎಂದು ತಮ್ಮ ಜನರನ್ನು ಕೆಣಕಲಿಲ್ಲವೇ? ಪ್ರಶ್ನೆ ನ್ಯಾಯವಾದದ್ದು, ಅದಕ್ಕೆ ನ್ಯಾಯವಾದ ಉತ್ತರವೂ ಬೇಕು. ಇಬ್ರಾಹೀಮ್(ಅ) ಅಲ್ಲಾಹನಿಂದ ನಿಯುಕ್ತರಾದ ಪ್ರವಾದಿ. ಅವರು ಮಾತನಾಡಿದ್ದು ತಮ್ಮದೇ ಜನರೊಂದಿಗೆ, ತಮ್ಮದೇ ಮನೆಯಲ್ಲಿ, ತಮ್ಮ ಸ್ವಂತ ತಂದೆಯ ಎದುರು. ಹೇಳಿದ ಮಾತಿಗಾಗಿ ಬೆಂಕಿಗೆ ಬೀಳಲು ಸಿದ್ಧರಿದ್ದರು. ಹೆಸರು ಮರೆಸಿಕೊಂಡು ವೀಡಿಯೊ ಹರಿಬಿಡುವವನು ಯಾವ ಬೆಂಕಿಗೆ ಸಿದ್ಧನಿದ್ದಾನೆ? ಇನ್ನೊಂದು ಸಂಗತಿಯನ್ನು ನಾವು ಮಕ್ಕಳಿಗೆ ಹೇಳುವುದೇ ಇಲ್ಲ. ಸೂರಃ ಮರ್ಯಮ್‌ನಲ್ಲಿ ಅದೇ ಇಬ್ರಾಹೀಮ್(ಅ) ವಿಗ್ರಹಾರಾಧಕನಾದ ತಂದೆಯನ್ನು ಎಷ್ಟು ಮೃದುವಾಗಿ ಸಂಬೋಧಿಸಿದ್ದಾರೆಂದು ತೆರೆದು ನೋಡಿ. ನಾಲ್ಕು ಬಾರಿ ಪ್ರೀತಿಯಿಂದ ‘ಅಪ್ಪಾ’ ಎಂದು ಕರೆಯುತ್ತಾರೆ. ತಂದೆ ಕಲ್ಲು ಹೊಡೆದು ಕೊಲ್ಲುವುದಾಗಿ ಬೆದರಿಸಿದಾಗ ಅವರಿಗೆ ಸಲಾಮ್ ಹೇಳಿ, ಅವರಿಗಾಗಿ ಕ್ಷಮೆ ಯಾಚಿಸುವೆನೆಂದು ಮಾತು ಕೊಡುತ್ತಾರೆ. ನಮ್ಮ ಭಾಷಣಕಾರರು ಕೊಡಲಿಯನ್ನು ಮಾತ್ರ ನೆನಪಿಟ್ಟುಕೊಂಡಿದ್ದಾರೆ. ‘ಅಪ್ಪಾ’ ಎಂಬ ಆ ಕರೆಯನ್ನು ಮರೆತಿದ್ದಾರೆ.

ಪ್ರವಾದಿ ಮುಹಮ್ಮದ್(ಸ)ರ ಜೀವನವನ್ನೇ ತೆಗೆದುಕೊಳ್ಳಿ. ಹದಿಮೂರು ವರ್ಷ ಅವರು ಮಕ್ಕಾದಲ್ಲಿ ಏಕದೇವಾರಾಧನೆಯನ್ನು ಬೋಧಿಸಿದರು. ಆಗ ಕಅಬಾದ ಸುತ್ತ ನೂರಾರು ವಿಗ್ರಹಗಳಿದ್ದವು. ಅದೇ ಅಂಗಳದಲ್ಲಿ ಅವರು ನಮಾಝ್ ಮಾಡಿದರು, ಒಂದೇ ಒಂದು ವಿಗ್ರಹಕ್ಕೂ ಕೈ ಹಚ್ಚಲಿಲ್ಲ. ಹಿಜ್‌ರಾದ ಏಳನೆಯ ವರ್ಷ, ಅಂದರೆ ಕ್ರಿ.ಶ. 629ರಲ್ಲಿ, ಸಂಧಿಯ ಪ್ರಕಾರ ಉಮ್ರಾಕ್ಕೆ ಬಂದು ತವಾಫ್ ಮಾಡಿದಾಗಲೂ ಆ ವಿಗ್ರಹಗಳು ಅಲ್ಲೇ ಇದ್ದವು. ಮರುವರ್ಷ ಮಕ್ಕಾ ವಿಜಯವಾದ ಬಳಿಕವೇ ಅವನ್ನು ತೆಗೆಯಲಾಯಿತು. ಏಕೆಂದರೆ ಅದು ಏಕೈಕ ಅಲ್ಲಾಹನ ಆರಾಧನೆಗಾಗಿ ಇಬ್ರಾಹೀಮ್(ಅ) ಕಟ್ಟಿದ ಭವನವಾಗಿತ್ತು. ತನ್ನ ಮನೆಯನ್ನು ಶುದ್ಧಗೊಳಿಸುವುದು ಬೇರೆ, ನೆರೆಯವನ ಮನೆಗೆ ನುಗ್ಗುವುದು ಬೇರೆ. ಜೆರುಸಲೇಮ್ ವಶವಾದಾಗ ಖಲೀಫ ಉಮರ್(ರ) ಅಲ್ಲಿನ ಚರ್ಚಿನೊಳಗೆ ನಮಾಝ್ ಮಾಡಲು ಒಪ್ಪಲಿಲ್ಲವೆಂದು ಹಳೆಯ ಇತಿಹಾಸಕಾರರು ದಾಖಲಿಸಿದ್ದಾರೆ. ತಾನು ನಮಾಝ್ ಮಾಡಿದ ಸ್ಥಳವೆಂಬ ನೆಪ ಹೇಳಿ ಮುಂದಿನವರು ಆ ಚರ್ಚನ್ನು ಕಸಿದುಕೊಂಡಾರೆಂಬ ಭಯ ಅವರಿಗಿತ್ತು. ಸೂರಃ ಅಲ್ ಹಜ್ಜ್‌ನ 40ನೆಯ ಸೂಕ್ತವು ಅನ್ಯರ ಮಠ, ಚರ್ಚು, ಸಿನಗಾಗ್‌ಗಳನ್ನು ಮಸೀದಿಗಳ ಜೊತೆಯಲ್ಲಿಯೇ ಹೆಸರಿಸಿ, ಅವು ಧ್ವಂಸವಾಗದಂತೆ ಅಲ್ಲಾಹನು ತಡೆಯುವ ಬಗೆಯನ್ನು ಹೇಳುತ್ತದೆ.

ಇನ್ನು ವೀಡಿಯೊದ ಮಾತಿಗೆ ಬರೋಣ. ಹಿಂದೂಗಳು ಕಲ್ಲನ್ನು ಪೂಜಿಸುತ್ತಾರೆ ಎಂಬುದು ಅದರ ಒಟ್ಟು ಸಾರ. ಇದನ್ನು ಯಾವ ಹಿಂದೂ ಒಪ್ಪುತ್ತಾನೆ? ದೇವಸ್ಥಾನದ ಆಗಮ ಪದ್ಧತಿಯಲ್ಲಿ ಶಿಲ್ಪಿಯ ಕೈಯಿಂದ ಬಂದ ಮೂರ್ತಿ ಹಾಗೆಯೇ ಪೂಜೆಗೆ ಅರ್ಹವಾಗುವುದಿಲ್ಲ. ಪ್ರಾಣಪ್ರತಿಷ್ಠೆಯ ಬಳಿಕವೇ ಅದಕ್ಕೆ ಪೂಜೆ. ಗಣೇಶ ಚತುರ್ಥಿಯಂದು ಮಣ್ಣಿನ ಮೂರ್ತಿಗೆ ಆವಾಹನೆ ಮಾಡುತ್ತಾರೆ, ಆಮೇಲೆ ವಿಸರ್ಜನೆ ಮಾಡಿ ನೀರಿಗೆ ಬಿಡುತ್ತಾರೆ. ಮಣ್ಣೇ ದೇವರಾಗಿದ್ದರೆ ನೀರಿಗೆ ಬಿಡುವರೇ? ಷೋಡಶೋಪಚಾರವೆಂದು ಕರೆಯುವ ಹದಿನಾರು ಸೇವೆಗಳನ್ನು ನೋಡಿ: ಆಸನ ಕೊಡುವುದು, ಕಾಲಿಗೆ ನೀರು, ಸ್ನಾನ, ವಸ್ತ್ರ, ಗಂಧ, ಹೂವು, ಧೂಪ, ದೀಪ, ನೈವೇದ್ಯ. ಮನೆಗೆ ಬಂದ ಗೌರವಾನ್ವಿತ ಅತಿಥಿಗೆ ಮಾಡುವ ಉಪಚಾರದ ಕ್ರಮವಿದು. ಭಕ್ತನು ತನ್ನ ದೇವರನ್ನು ಅತಿಥಿಯಾಗಿ ಭಾವಿಸಿ ಸೇವೆ ಮಾಡುತ್ತಿದ್ದಾನೆ. ಕಲ್ಲಿಗೆ ಹಸಿವಾಗಿದೆಯೆಂದು ಅವನು ನಂಬಿಲ್ಲ. ಉತ್ಸವಮೂರ್ತಿಯನ್ನು ಗರ್ಭಗುಡಿಯಿಂದ ಹೊರತಂದು ಬೀದಿಯಲ್ಲಿ ಮೆರೆಸಿದಾಗ ಗುಡಿಯವರೆಗೆ ಬರಲಾರದ ಮುದುಕರೂ ರೋಗಿಗಳೂ ಮನೆಯ ಬಾಗಿಲಲ್ಲೇ ದರ್ಶನ ಪಡೆಯುತ್ತಾರೆ.

ಇಷ್ಟನ್ನು ತಿಳಿದುಕೊಂಡ ಮಾತ್ರಕ್ಕೆ ನಾವು ಅದನ್ನು ಒಪ್ಪಿದಂತಾಗದು. ನಮಗೂ ಅವರಿಗೂ ಭಿನ್ನಾಭಿಪ್ರಾಯವಿದೆ, ಅದು ಸಣ್ಣದೂ ಅಲ್ಲ. ಆದರೆ ಭಿನ್ನಾಭಿಪ್ರಾಯ ಎಲ್ಲಿದೆಯೆಂದು ಸರಿಯಾಗಿ ಹೇಳಬೇಡವೇ? ಸೂರಃ ಅಝ್ಝುಮರ್‌ನ 3ನೆಯ ಸೂಕ್ತವನ್ನು ನೋಡಿ. ಅಲ್ಲಿ ಅಲ್ಲಾಹನು ವಿಗ್ರಹಾರಾಧಕರ ಸ್ವಂತ ವಿವರಣೆಯನ್ನೇ ದಾಖಲಿಸುತ್ತಾನೆ. ಈ ಆರಾಧ್ಯರು ತಮ್ಮನ್ನು ಅಲ್ಲಾಹನ ಸಮೀಪಕ್ಕೆ ಒಯ್ಯಲಿ ಎಂದಷ್ಟೇ ತಾವು ಅವರನ್ನು ಆರಾಧಿಸುವುದೆಂದು ಅವರು ಹೇಳುತ್ತಿದ್ದರು. ಮೊದಲು ಎದುರಾಳಿಯ ಮಾತನ್ನು ಅವನು ಹೇಳಿದಂತೆಯೇ ಮುಂದಿಟ್ಟು, ಬಳಿಕ ಅದಕ್ಕೆ ಉತ್ತರ ಕೊಡುವುದು ಕುರ್‌ಆನಿನ ಕ್ರಮ. ಅಂದರೆ ನಮ್ಮ ನಿಜವಾದ ವಾದ ಕಲ್ಲಿನ ಕುರಿತದ್ದಲ್ಲ, ಮಧ್ಯವರ್ತಿಯ ಕುರಿತದ್ದು. ಸೃಷ್ಟಿಕರ್ತನನ್ನು ತಲುಪಲು ರೂಪ ಬೇಕೇ, ಮಾಧ್ಯಮ ಬೇಕೇ? ಬೇಡ, ಅವನು ಕಂಠನಾಳಕ್ಕಿಂತಲೂ ಸಮೀಪ, ಅವನಿಗೆ ಸಮಾನವಾದುದು ಯಾವುದೂ ಇಲ್ಲ, ಆರಾಧನೆ ಅವನಿಗೆ ಮಾತ್ರ ಎಂಬುದು ನಮ್ಮ ವಿಶ್ವಾಸ. ಇದನ್ನು ಘನತೆಯಿಂದ ಹೇಳಬಹುದು, ಹೇಳಲೇಬೇಕು. ಹಾಸ್ಯದ ಸಂಗೀತ ಹಾಕಿದವನು ಈ ಮಹತ್ವದ ಪ್ರಶ್ನೆಯನ್ನು ಮುಟ್ಟಲೇ ಇಲ್ಲ. ನಗಿಸಿದ, ನೋಯಿಸಿದ, ಹೋದ. ಆ ನೋವಿನಿಂದ ಯಾವ ಹೃದಯ ತೌಹೀದಿನ ಕಡೆಗೆ ತಿರುಗಿತು?

ಅನ್ಯರ ವಿಶ್ವಾಸವನ್ನು ಅರಿಯುವ ಸಂಪ್ರದಾಯ ನಮ್ಮಲ್ಲಿ ಇರಲಿಲ್ಲವೇ? ಸಾವಿರ ವರ್ಷಗಳ ಹಿಂದೆ ಅಲ್‌ಬಿರೂನಿ ಎಂಬ ಮಹಾವಿದ್ವಾಂಸ ಭಾರತಕ್ಕೆ ಬಂದರು. ಕ್ರಿ.ಶ. 973ರಲ್ಲಿ ಖ್ವಾರಿಝ್ಮ್‌ನಲ್ಲಿ ಜನಿಸಿದವರು. ಸಂಸ್ಕೃತ ಕಲಿತರು, ಪಂಡಿತರ ಜೊತೆ ಕುಳಿತರು, ಪತಂಜಲಿಯ ಯೋಗಶಾಸ್ತ್ರವನ್ನು ಅರಬ್ಬಿಗೆ ತಂದರು. ಸುಮಾರು 1030ರಲ್ಲಿ ಮುಗಿಸಿದ ತಮ್ಮ ಭಾರತ ಗ್ರಂಥದಲ್ಲಿ, ಇದು ಖಂಡನೆಯ ಕೃತಿಯಲ್ಲ, ಹಿಂದೂಗಳ ವಿಚಾರವನ್ನು ಅವರು ಹೇಳುವಂತೆಯೇ ಓದುಗರ ಮುಂದಿಡುತ್ತೇನೆ ಎಂಬ ನಿಲುವನ್ನು ಆರಂಭದಲ್ಲೇ ಸ್ಪಷ್ಟಪಡಿಸಿದರು. ಹಿಂದೂಗಳಲ್ಲಿ ಜ್ಞಾನಿಗಳು ಆದಿ ಅಂತ್ಯವಿಲ್ಲದ ಒಬ್ಬನೇ ದೇವನನ್ನು ನಂಬುತ್ತಾರೆ, ವಿಗ್ರಹಗಳು ಸಾಮಾನ್ಯರಿಗಾಗಿ ಇವೆ ಎಂದೂ ಗುರುತಿಸಿದರು. ಅವರು ಬದುಕಿದ್ದು ಘಝ್ನಿಯ ಮಹ್ಮೂದನ ಕಾಲದಲ್ಲಿ, ಅವನದೇ ಆಳ್ವಿಕೆಯ ಕೆಳಗೆ. ಮಹ್ಮೂದನ ದಾಳಿಗಳು ಈ ದೇಶದ ಸಮೃದ್ಧಿಯನ್ನು ಹಾಳು ಮಾಡಿ ಹಿಂದೂಗಳ ಮನಸ್ಸಿನಲ್ಲಿ ಮುಸ್ಲಿಮರ ಬಗ್ಗೆ ಆಳವಾದ ದ್ವೇಷವನ್ನು ಬಿತ್ತಿದವೆಂದು ಬರೆಯಲು ಅವರು ಹಿಂಜರಿಯಲಿಲ್ಲ. ತಮ್ಮ ಧರ್ಮದಲ್ಲಿ ಅಲ್‌ಬಿರೂನಿ ಒಂದಿಷ್ಟೂ ಸಡಿಲರಾಗಲಿಲ್ಲ. ಅವರಿಗೆ ವರ್ಷಗಟ್ಟಲೆ ಓದಲು ತಾಳ್ಮೆಯಿತ್ತು, ನಮಗೆ ಹದಿನೈದು ನಿಮಿಷ ಕೇಳಲು ಇಲ್ಲ.

ಹಿಂದೂ ಸಮಾಜವು ಒಂದೇ ಧ್ವನಿಯದ್ದೆಂದು ತಿಳಿಯುವುದೂ ಅಜ್ಞಾನವೇ. ಹನ್ನೆರಡನೆಯ ಶತಮಾನದಲ್ಲಿ ನಮ್ಮದೇ ಕನ್ನಡ ನೆಲದಲ್ಲಿ ಬಸವಣ್ಣನವರೂ ಶರಣರೂ ಸ್ಥಾವರ ಪೂಜೆಯನ್ನು ಪ್ರಶ್ನಿಸಿ, ಗುಡಿಯ ಬದಲಿಗೆ ಅಂಗೈಯ ಇಷ್ಟಲಿಂಗವನ್ನೂ ಕಾಯಕವನ್ನೂ ಎತ್ತಿಹಿಡಿದರು. ರಾಜಾ ರಾಮಮೋಹನ ರಾಯರು ವಿಗ್ರಹಾರಾಧನೆಯ ವಿರುದ್ಧ ತಮ್ಮ ಮೊದಲ ಗ್ರಂಥವನ್ನು ಬರೆದದ್ದು ಪಾರ್ಸಿ ಭಾಷೆಯಲ್ಲಿ, ಅರಬ್ಬಿ ಮುನ್ನುಡಿಯೊಂದಿಗೆ. 1828ರಲ್ಲಿ ಅವರು ಬ್ರಹ್ಮಸಮಾಜವನ್ನು ಆರಂಭಿಸಿದರು. 1875ರಲ್ಲಿ ದಯಾನಂದ ಸರಸ್ವತಿಯವರು ಆರ್ಯಸಮಾಜವನ್ನು ಕಟ್ಟಿ ಮೂರ್ತಿಪೂಜೆಯನ್ನು ತಿರಸ್ಕರಿಸಿದರು. ಅವರ ಮನೆಯೊಳಗಿನ ಈ ಚರ್ಚೆ ಅವರದು. ನಮ್ಮಲ್ಲಿ ದರ್ಗಾ, ಉರೂಸ್, ನೇರ್ಚೆಗಳ ಬಗ್ಗೆ ಎಷ್ಟು ವಾದಗಳಿಲ್ಲ? ಆದರೆ ಹೊರಗಿನವನೊಬ್ಬ ಬಂದು ದರ್ಗಾದ ಚಾದರವನ್ನು ನೋಡಿ ಕೇಕೆ ಹಾಕಿದರೆ ಉರೂಸನ್ನು ಒಪ್ಪದವನಿಗೂ ಸಿಟ್ಟು ಬರುತ್ತದೆ. ನಮ್ಮ ಆ ಸಿಟ್ಟನ್ನು ನೆನಪಿಟ್ಟುಕೊಂಡರೆ ಅವರ ನೋವು ಅರ್ಥವಾದೀತು.

ಒಂದೇ ಅಳತೆಗೋಲನ್ನು ಬಳಸೋಣ. ಹಜ್ಜ್‌ನಲ್ಲಿ ನಾವು ಹಜರುಲ್ ಅಸ್ವದ್‌ಗೆ ಮುತ್ತಿಡುತ್ತೇವೆ. ಇಸ್ಲಾಮಿನ ವಿರೋಧಿಗಳು ಅದನ್ನು ತೋರಿಸಿ ಇದೂ ಕಲ್ಲಿನ ಪೂಜೆಯೇ ಎಂದು ಅಣಕಿಸುತ್ತಾರೆ. ಆಗ ನಾವೇನು ಹೇಳುತ್ತೇವೆ? ನಮ್ಮ ಉದ್ದೇಶವನ್ನು ನಮ್ಮಿಂದಲೇ ಕೇಳಿ ಎನ್ನುತ್ತೇವೆ. ಈ ಕಲ್ಲಿಗೆ ಲಾಭ ನಷ್ಟ ಮಾಡುವ ಶಕ್ತಿಯಿಲ್ಲ, ಪ್ರವಾದಿ(ಸ) ಮುತ್ತಿಟ್ಟದ್ದರಿಂದಷ್ಟೇ ನಾನೂ ಮುತ್ತಿಡುತ್ತೇನೆ ಎಂಬರ್ಥದ ಉಮರ್(ರ)ರ ಮಾತನ್ನು ಉಲ್ಲೇಖಿಸುತ್ತೇವೆ. ಬಕ್ರೀದ್ ಬಂತೆಂದರೆ, ಕುರಿಯ ಹಣವನ್ನು ಬಡವರಿಗೆ ಕೊಡಬಾರದೇ ಎಂದು ಕೆಲವರು ಉಪದೇಶಿಸುತ್ತಾರೆ. ಕುರ್ಬಾನಿಯ ಅರ್ಥ ತಿಳಿಯದೆ ಮಾತನಾಡಬೇಡಿ ಎಂದು ನಾವು ಸಿಡಿಯುತ್ತೇವೆ. ಅದೇ ನಾವು, ಅಭಿಷೇಕದ ಹಾಲನ್ನು ಹಸಿದ ಮಕ್ಕಳಿಗೆ ಕೊಡಬಾರದೇ ಎಂದು ಫಾರ್ವರ್ಡ್ ಮಾಡುತ್ತೇವೆ! ಅನೇಕ ದೇವಸ್ಥಾನಗಳಲ್ಲಿ ದಿನವೂ ಸಾವಿರಾರು ಜನರಿಗೆ ಅನ್ನಸಂತರ್ಪಣೆ ನಡೆಯುತ್ತದೆಂಬುದು ನಮಗೆ ತಿಳಿಯದ್ದೇ? ಅಳೆದು ಕೊಡುವಾಗ ಒಂದು ಮಾಪು, ತೆಗೆದುಕೊಳ್ಳುವಾಗ ಇನ್ನೊಂದು ಮಾಪು ಬಳಸುವವರ ಬಗ್ಗೆ ಅಲ್ ಮುತಫ್ಫಿಫೀನ್ ಎಂಬ ಒಂದು ಸೂರಃವೇ ಅವತೀರ್ಣಗೊಂಡಿದೆ. ಅದು ಅಕ್ಕಿ ಬೇಳೆಯ ವ್ಯಾಪಾರಕ್ಕೆ ಮಾತ್ರ ಅನ್ವಯವೇ?

ಈಗ ಎರಡನೆಯ ಆಕ್ಷೇಪ. ಅವರು ನಮ್ಮನ್ನು ಜಾತ್ರೆಯಿಂದಲೇ ಹೊರಹಾಕಿದರಲ್ಲ, ನಾವೇಕೆ ಅವರ ದೇವರಿಗೆ ಮರ್ಯಾದೆ ಕೊಡಬೇಕು? ಈ ಪ್ರಶ್ನೆಯ ಹಿಂದೆ ನಿಜವಾದ ಗಾಯವಿದೆ. 2022ರ ಮಾರ್ಚ್‌ನಲ್ಲಿ ಹಿಜಾಬ್ ತೀರ್ಪಿನ ಬಳಿಕ ಕರಾವಳಿಯಲ್ಲಿ ಏನಾಯಿತೆಂದು ಎಲ್ಲರೂ ಬಲ್ಲರು. ಕಾಪುವಿನ ಮಾರಿಪೂಜೆಯಲ್ಲಿ ಮುಸ್ಲಿಮರಿಗೆ ಅಂಗಡಿ ಸಿಗಲಿಲ್ಲ. ಮೂಲ್ಕಿಯ ಬಪ್ಪನಾಡು ಜಾತ್ರೆಯಲ್ಲಿ ಬಹಿಷ್ಕಾರದ ಬ್ಯಾನರ್ ಎದ್ದಿತು. ಬಪ್ಪ ಬ್ಯಾರಿ ಎಂಬ ಮುಸ್ಲಿಮ್ ವರ್ತಕನೇ ಕಟ್ಟಿಸಿದನೆಂದು ಊರಿನ ಐತಿಹ್ಯ ಹೇಳುವ, ಅವನ ಹೆಸರನ್ನೇ ಹೊತ್ತ ದೇವಸ್ಥಾನವದು! ಆ ವರ್ಷ ನನ್ನ ಅಣ್ಣನೂ ತಂದೆಯವರ ಕಾಲದ ಜಾಗದಲ್ಲಿ ಅಂಗಡಿ ಹಾಕಲಾಗದೆ ಬಳೆಯ ಪೆಟ್ಟಿಗೆಗಳನ್ನು ಮರಳಿ ಮನೆಗೆ ತಂದ. ವೀಡಿಯೊ ಕಳುಹಿಸಿದ ಹುಡುಗ ಅವನ ಮಗನೇ. ಅವನ ಸಿಟ್ಟು ಎಲ್ಲಿಂದ ಬಂತೆಂದು ನಾನು ಬಲ್ಲೆ.

ಆ ಬಹಿಷ್ಕಾರ ಅನ್ಯಾಯ. ಇದನ್ನು ಮೆಲುದನಿಯಲ್ಲಿ ಹೇಳುವ ಅಗತ್ಯವಿಲ್ಲ. 1997ರ ಹಿಂದೂ ಧಾರ್ಮಿಕ ಸಂಸ್ಥೆಗಳ ಕಾಯ್ದೆಯಡಿ 2002ರಲ್ಲಿ ರಚಿಸಿದ ನಿಯಮವನ್ನು ಅದಕ್ಕೆ ಆಧಾರವಾಗಿ ತೋರಿಸಲಾಯಿತು. ಆ ನಿಯಮ ಹೇಳುವುದು ಸಂಸ್ಥೆಯ ಸಮೀಪದ ಜಮೀನು, ಕಟ್ಟಡ, ನಿವೇಶನಗಳನ್ನು ಹಿಂದೂಯೇತರರಿಗೆ ಗುತ್ತಿಗೆ ಕೊಡಬಾರದೆಂದು. ಎರಡು ದಿನ ಬೀದಿ ಬದಿಯಲ್ಲಿ ಬುಟ್ಟಿ ಇಟ್ಟು ಬಳೆ ಮಾರುವವನಿಗೂ ಅದನ್ನು ಎಳೆದು ತಂದದ್ದು ಯಾವ ನ್ಯಾಯ? ಸಂವಿಧಾನ ಕೊಟ್ಟ ಸಮಾನತೆ ಮತ್ತು ವೃತ್ತಿಯ ಹಕ್ಕಿಗಾಗಿ ನಾವು ಅರ್ಜಿ ಬರೆಯೋಣ, ನ್ಯಾಯಾಲಯಕ್ಕೆ ಹೋಗೋಣ, ಜನಪ್ರತಿನಿಧಿಯ ಬಾಗಿಲು ತಟ್ಟೋಣ. ಆದರೆ ಬ್ಯಾನರ್ ಕಟ್ಟಿದವನ ತಪ್ಪಿಗೆ ಹೂವಿನಂಗಡಿಯ ಅಮ್ಮನ ದೇವರನ್ನು ಗೇಲಿ ಮಾಡುವುದು ಯಾವ ನ್ಯಾಯ? ಒಂದು ಜನಾಂಗದ ಮೇಲಿನ ದ್ವೇಷವು ನಿಮ್ಮನ್ನು ನ್ಯಾಯದಿಂದ ಸರಿಸದಿರಲಿ ಎಂಬುದು ಸೂರಃ ಅಲ್ ಮಾಇದಃದ 8ನೆಯ ಸೂಕ್ತದ ಆದೇಶ. ನಮ್ಮೊಡನೆ ಧರ್ಮದ ವಿಷಯದಲ್ಲಿ ಹೋರಾಡದ, ನಮ್ಮನ್ನು ಮನೆಗಳಿಂದ ಹೊರಹಾಕದ ಜನರೊಂದಿಗೆ ಒಳಿತು ಮತ್ತು ನ್ಯಾಯದಿಂದ ವರ್ತಿಸುವುದನ್ನು ಅಲ್ಲಾಹನು ತಡೆಯುವುದಿಲ್ಲವೆಂದು ಸೂರಃ ಅಲ್ ಮುಮ್ತಹನಃ ಹೇಳುತ್ತದೆ. ಆ ವರ್ಷ ಜಾತ್ರೆ ಮುಗಿದ ಮೇಲೆ ಹೂವಿನಂಗಡಿಯ ಅಮ್ಮ ತಂದೆಯವರಿಗೆ ಫೋನ್ ಮಾಡಿದ್ದರು. “ಬಳೆ ಅಂಗಡಿ ಇಲ್ಲದೆ ಜಾತ್ರೆ ಜಾತ್ರೆಯ ಹಾಗೆ ಇರಲಿಲ್ಲ ಸಾಹೇಬ್ರೇ” ಎಂದರಂತೆ. ನಮ್ಮ ವೀಡಿಯೊ ತಲುಪುವುದು ಅವರ ಮೊಮ್ಮಕ್ಕಳಿಗೆ. ಬ್ಯಾನರ್ ಕಟ್ಟಿದವನಿಗೆ ಅದರಿಂದ ನೋವೇನೂ ಇಲ್ಲ, ಮುಂದಿನ ಬ್ಯಾನರಿಗೆ ಅವನಿಗೊಂದು ಕಾರಣ ಸಿಕ್ಕಂತಾಯಿತು. ಅವನ ಕೆಲಸವನ್ನು ನಾವೇ ಸುಲಭ ಮಾಡಿಕೊಡುತ್ತಿದ್ದೇವೆ.

ನಮ್ಮ ನಾಡಿನ ಇತಿಹಾಸದಲ್ಲೂ ಇದಕ್ಕೆ ಪಾಠವಿದೆ. 1791ರಲ್ಲಿ ಮರಾಠಾ ಸೇನೆಯ ದಾಳಿಕೋರರು ಶೃಂಗೇರಿಯ ಮಠವನ್ನು ಲೂಟಿ ಮಾಡಿದಾಗ ಟಿಪ್ಪು ಸುಲ್ತಾನರು ಸ್ವಾಮಿಗಳಿಗೆ ಕನ್ನಡದಲ್ಲಿ ಪತ್ರ ಬರೆದು, ಶಾರದಾ ದೇವಿಯ ಮರುಪ್ರತಿಷ್ಠೆಗೆ ಹಣವನ್ನೂ ಸಾಮಗ್ರಿಯನ್ನೂ ಕಳುಹಿಸಿದರು. ಆ ಪತ್ರಗಳು 1916ರಲ್ಲಿ ಮಠದಲ್ಲೇ ಬೆಳಕಿಗೆ ಬಂದವು. ಟಿಪ್ಪುವಿನ ಬಗ್ಗೆ ಇತಿಹಾಸಕಾರರ ನಡುವೆ ಏನೇ ವಾದವಿರಲಿ, ಈ ಪತ್ರಗಳು ಅಲ್ಲಗಳೆಯಲಾಗದ ಸಾಕ್ಷ್ಯ. ಟಿಪ್ಪುವಿನ ಹೆಸರಿನಲ್ಲಿ ಘೋಷಣೆ ಕೂಗುವ ನಮ್ಮ ಹುಡುಗರು ಆ ಪತ್ರಗಳನ್ನೂ ಓದಬೇಕು. ಬೇಲೂರು ಚೆನ್ನಕೇಶವನ ರಥೋತ್ಸವದ ಸಂದರ್ಭದಲ್ಲಿ ಮೌಲ್ವಿಯವರು ಕುರ್‌ಆನ್ ಪಠಿಸುವ ಪದ್ಧತಿ ವಿರೋಧದ ನಡುವೆಯೂ 2022ರಲ್ಲಿ ನಡೆಯಿತು. ಅದನ್ನು ಉಳಿಸಿಕೊಂಡವರಲ್ಲಿ ಹಿಂದೂ ಭಕ್ತರೂ ಇದ್ದಾರೆಂಬುದನ್ನು ಮರೆಯಬಾರದು.

ಇಷ್ಟು ಹೇಳಿದ ಮೇಲೆ ಇನ್ನೊಂದು ದಿಕ್ಕಿಗೂ ಮಾತು ಹೇಳಬೇಕಾಗಿದೆ. ಗೇಲಿ ಮಾಡುವವರಿರುವಂತೆ ನಮ್ಮಲ್ಲಿ ನಟಿಸುವವರೂ ಇದ್ದಾರೆ. ಸೌಹಾರ್ದವೆಂದರೆ ಆರತಿ ತಟ್ಟೆ ಹಿಡಿದು ಫೋಟೊ ತೆಗೆಸಿಕೊಳ್ಳುವುದೆಂದು ಭಾವಿಸಿದವರು, ಚುನಾವಣೆ ಬಂದಾಗ ಹಣೆಗೆ ಕುಂಕುಮ ಹಚ್ಚಿಕೊಳ್ಳುವ ನಾಯಕರು. ಕೆಲವು ಹಿಂದೂ ಮಿತ್ರರು ಕೂಡ ಪ್ರೀತಿಯಿಂದಲೇ ನಮ್ಮನ್ನು ಇದೇ ಪರೀಕ್ಷೆಗೆ ಒಡ್ಡುತ್ತಾರೆ. ಪೂಜೆಗೆ ಕೈ ಮುಗಿದರೆ ಒಳ್ಳೆಯ ಮುಸ್ಲಿಮ್, ಇಲ್ಲವಾದರೆ ಕಟ್ಟರ್. ಇದನ್ನು ನಾವು ವಿನಯದಿಂದ ನಿರಾಕರಿಸಬೇಕು. ಆರಾಧನೆ ಅಲ್ಲಾಹನಿಗೆ ಮಾತ್ರ ಎಂಬುದು ನಮ್ಮ ಧರ್ಮದ ತಾಯಿಬೇರು. ಅದನ್ನು ಕೊಟ್ಟು ಕೊಳ್ಳುವ ವಸ್ತುವನ್ನಾಗಿ ಮಾಡಲಾಗದು. ನಂಬಿಕೆಯಿಲ್ಲದೆ ಆರತಿ ಎತ್ತುವವನು ತನ್ನ ಧರ್ಮಕ್ಕೂ ಅವಮಾನ ಮಾಡುತ್ತಾನೆ, ನಂಬಿಕೆಯಿಂದ ಆರತಿ ಎತ್ತುವವನ ಭಕ್ತಿಗೂ ಅವಮಾನ ಮಾಡುತ್ತಾನೆ. ನಿಮಗೆ ನಿಮ್ಮ ಧರ್ಮ, ನಮಗೆ ನಮ್ಮದು ಎಂಬ ಸೂರಃ ಅಲ್ ಕಾಫಿರೂನ್‌ನ ಆಶಯವನ್ನು ಕೆಲವರು ಬೈಗುಳದಂತೆ ಉಚ್ಚರಿಸುತ್ತಾರೆ. ನನ್ನ ತಂದೆಯವರು ಆ ಸೂರಃವನ್ನು ಬದುಕಿದ್ದು ಹೇಗೆಂದು ನಾನು ಕಣ್ಣಾರೆ ಕಂಡಿದ್ದೇನೆ. ಬಲಿ ದಾಟುವಾಗ ಕೈ ಮುಗಿಯದೆ, ಗೌರವವನ್ನೂ ಬಿಡದೆ ನಿಂತ ನಿಲುವು ಅದು. ಆ ನಿಲುವಿಗೆ ಯಾವ ಭಕ್ತನೂ ಒಂದು ದಿನವೂ ಬೇಸರಪಟ್ಟದ್ದಿಲ್ಲ.

ನೆರೆಮನೆಯವರು ಪ್ರಸಾದ ತಂದುಕೊಟ್ಟಾಗ ಏನು ಮಾಡಬೇಕೆಂದು ಅನೇಕ ತಾಯಂದಿರು ಕೇಳುತ್ತಾರೆ. ದೇವರಿಗೆ ನೈವೇದ್ಯವಾದ ವಸ್ತುವಿನ ವಿಧಿಯನ್ನು ನೀವು ನಂಬುವ ಉಲಮಾಗಳಿಂದ ತಿಳಿದು ಪಾಲಿಸಿರಿ. ನಾನು ಹೇಳುವುದು ನಿರಾಕರಿಸುವ ರೀತಿಯ ಬಗ್ಗೆ. ಬಾಗಿಲಲ್ಲೇ ಮುಖ ಸಿಂಡರಿಸುವುದು ತೌಹೀದ್ ಅಲ್ಲ, ಅಸಭ್ಯತೆ. “ಅಕ್ಕಾ, ನಮ್ಮ ಧರ್ಮದಲ್ಲಿ ನೈವೇದ್ಯದ್ದನ್ನು ತಿನ್ನುವುದಿಲ್ಲ, ಬೇಸರ ಮಾಡಿಕೊಳ್ಳಬೇಡಿ, ಒಳಗೆ ಬಂದು ಚಹಾ ಕುಡಿದು ಹೋಗಿ” ಎಂದು ಹೇಳಿ ನೋಡಿ. ಹೆಚ್ಚಿನವರು ಮರುವರ್ಷ ಪ್ರಸಾದದ ಬದಲು ಬೇರೆ ತಿಂಡಿ ಮಾಡಿ ತರುತ್ತಾರೆ. ನಮ್ಮ ಮನೆಯಲ್ಲಿ ಆದದ್ದೂ ಅದೇ.

ತಂದೆ ತಾಯಂದಿರೇ, ನಿಮ್ಮಲ್ಲಿ ನನ್ನ ವಿನಂತಿ ಮೂರು. ಅನ್ಯರ ಆರಾಧನೆಯನ್ನು ಗೇಲಿ ಮಾಡುವ ಸಂದೇಶ ಬಂದರೆ ಮುಂದಕ್ಕೆ ಕಳುಹಿಸಬೇಡಿ. ಕಳುಹಿಸಿದವರಿಗೆ ಅಲ್ ಅನ್‌ಆಮ್‌ನ ಆ ಸೂಕ್ತವನ್ನು ನೆನಪಿಸಿರಿ. ಮಕ್ಕಳಿಗೆ ತೌಹೀದನ್ನು ಕಲಿಸುವಾಗ ಅದರ ಸೌಂದರ್ಯದಿಂದ ಕಲಿಸಿರಿ, ನೆರೆಯವರ ನಿಂದೆಯಿಂದ ಕಲಿಸಬೇಡಿ. ನಿಂದೆಯನ್ನು ಕಲಿತ ಮಗು ನಾಳೆ ಅದೇ ನಾಲಿಗೆಯನ್ನು ನಿಮ್ಮ ವಿರುದ್ಧವೂ ಹೊರಳಿಸೀತು. ಮೂರನೆಯದಾಗಿ, ಹಿಂದೂ ಸ್ನೇಹಿತರು ನಮ್ಮ ವಿಶ್ವಾಸದ ಬಗ್ಗೆ ಕೇಳಿದಾಗ ಅಂಜದೆ, ಅಳುಕದೆ ಹೇಳಿರಿ. ಹೇಳುವ ಮೊದಲು ಅವರ ವಿಶ್ವಾಸವನ್ನು ಅವರ ಬಾಯಿಂದಲೇ ಕೇಳಿರಿ. ಫಿರ್‌ಔನನಂತಹ ಸರ್ವಾಧಿಕಾರಿಯ ಬಳಿಗೆ ಹೋಗುವಾಗಲೂ ಮೃದುವಾಗಿ ಮಾತನಾಡಬೇಕೆಂದು ಮೂಸಾ(ಅ) ಮತ್ತು ಹಾರೂನ್(ಅ)ರಿಗೆ ಅಲ್ಲಾಹನು ಆದೇಶಿಸಿದ್ದನು. ನಮ್ಮ ನೆರೆಯವರು ಫಿರ್‌ಔನರಲ್ಲ, ನಾವು ಮೂಸಾ(ಅ)ರಿಗಿಂತ ದೊಡ್ಡವರೂ ಅಲ್ಲ.

ಅಂದು ರಾತ್ರಿ ಅಣ್ಣನ ಮಗ ಆ ವೀಡಿಯೊವನ್ನು ಗುಂಪಿನಿಂದ ಅಳಿಸಿದ. ಕ್ಷಮೆಯನ್ನೇನೂ ಕೇಳಲಿಲ್ಲ, ಅಜ್ಜನ ಕಾಲ ಬಳಿ ಬಂದು ಕುಳಿತು ಜಾತ್ರೆಯ ದಿನಗಳ ಬಗ್ಗೆ ವಿಚಾರಿಸಿದ. ತಂದೆಯವರು ಇಶಾ ನಮಾಝಿನ ತನಕ ಹೇಳುತ್ತಲೇ ಇದ್ದರು.

ಸತ್ಯವನ್ನು ಸತ್ಯವಾಗಿ ಕಂಡು ಅದರ ಮೇಲೆ ನೆಲೆನಿಲ್ಲುವ, ಅದನ್ನು ಸೌಜನ್ಯದಿಂದ ಸಾರುವ, ದ್ವೇಷದ ಕಾಲದಲ್ಲೂ ನ್ಯಾಯವನ್ನು ಬಿಡದಿರುವ ಸೌಭಾಗ್ಯವನ್ನು ಅಲ್ಲಾಹನು ನಮಗೂ ನಮ್ಮ ಸಂತತಿಗೂ ಕರುಣಿಸಲಿ. ಆಮೀನ್.